ಕೇಳಿದಿರಾ ಎಂದು ಕೇಳುವ ಕೋರ್ಟು

ನಮ್ಮ ಬ್ಯಾರಿ ಮನೆಗಳಲ್ಲಿ "ವೀಸಾ ಬಂತು" ಅಂದರೆ ಅರ್ಥ ಒಂದೇ. ಸೌದಿಯಲ್ಲೋ ದುಬೈಯಲ್ಲೋ ಕತರ್‌ನಲ್ಲೋ ಕೆಲಸ ಸಿಕ್ಕಿತು, ಇನ್ನು ತಂಗಿಯ ಮದುವೆ ಮಾಡಬಹುದು, ಹಂಚಿನ ಮನೆಗೆ ತಾರಸಿ ಹಾಕಬಹುದು. ವೀಸಾ ಬರಲಿಲ್ಲ ಅಂದರೆ ಸ್ವಲ್ಪ ದಿನ ಬೇಜಾರು, ಏಜೆಂಟನಿಗೆ ನಾಲ್ಕು ಬೈಗುಳ, ಮತ್ತೆ ಬೇರೆ ಪ್ರಯತ್ನ. ಹೇಗಿದ್ದರೂ ನಮಗೆ ಒಂದು ಊರು ಉಂಟು, ಒಂದು ಮನೆ ಉಂಟು, ಕಪಾಟಿನಲ್ಲಿ ಭಾರತದ ಪಾಸ್‌ಪೋರ್ಟ್ ಉಂಟು.

ವೀಸಾ ಸಿಗದಿದ್ದರೆ ಮರಳಿ ಹೋಗಲು ಊರೇ ಇಲ್ಲದವರೂ ಇದ್ದಾರೆ. ಅವರು ಕೇಳುವ ವೀಸಾ ಬೇರೆ. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಪ್ರೊಟೆಕ್ಷನ್ ವೀಸಾ ಎನ್ನುತ್ತಾರೆ. ನನ್ನ ದೇಶಕ್ಕೆ ಹೋದರೆ ಜೀವಕ್ಕೆ ಅಪಾಯ ಉಂಟು, ನನ್ನನ್ನು ಇಲ್ಲಿ ಉಳಿಸಿಕೊಳ್ಳಿ ಎಂದು ಕೇಳುವ ವೀಸಾ ಅದು. ಸರಕಾರ ಅದನ್ನು ಕೊಡುವುದಿಲ್ಲ ಎಂದರೆ ಮುಂದೇನು? ಕೋರ್ಟಿಗೆ ಹೋದರೆ ಕೋರ್ಟು ಏನು ಮಾಡಬಲ್ಲದು, ಏನು ಮಾಡಲಾರದು? ಇದನ್ನೆಲ್ಲ ನಾನು ಕಲಿತದ್ದು ಸೇಲಂನ ನನ್ನ ಪೈಂಟ್ ಅಂಗಡಿಯ ಕೌಂಟರಿನಲ್ಲಿ.

ನಾನು ಸುಳ್ಯ ಕಡೆಯವ. ಹತ್ತೊಂಬತ್ತು ವರ್ಷದಿಂದ ಸೇಲಂನಲ್ಲಿದ್ದೇನೆ. ಬೆಳಗ್ಗೆ ಶಟರ್ ಎತ್ತುವಾಗಲೇ ಪೈಂಟರ್‌ಗಳು ಬಂದು ನಿಂತಿರುತ್ತಾರೆ. ಒಬ್ಬನಿಗೆ ವಾಲ್ ಪುಟ್ಟಿ, ಒಬ್ಬನಿಗೆ ಪ್ರೈಮರ್, ಇನ್ನೊಬ್ಬನಿಗೆ ಇಲ್ಲಿಯವರು ಉಪ್ಪುತ್ತಾಳ್ ಎನ್ನುವ ಸ್ಯಾಂಡ್ ಪೇಪರ್. ತಮಿಳುನಾಡಿನಲ್ಲಿ ಮುಸ್ಲಿಂ ಅಂಗಡಿಯವನಿಗೆ ಬೇರೆ ಹೆಸರು ಬೇಡ, ಎಲ್ಲರಿಗೂ ಅವನು "ಬಾಯ್". ಹಾಗೆ ಬಾಯ್, ಬಾಯ್ ಎನ್ನುವವರಲ್ಲಿ ಕೆಲವರ ತಮಿಳು ಮಾತ್ರ ಸ್ವಲ್ಪ ಬೇರೆ ಎಂದು ಬಂದ ಹೊಸದರಲ್ಲೇ ಗೊತ್ತಾಯಿತು. ಸೇಲಂನವರು "ಆಮಾ" ಅನ್ನುವಲ್ಲಿ ಅವರು "ಓಂ" ಅನ್ನುತ್ತಾರೆ. ಅವರು ಲಂಕೆಯಿಂದ ಬಂದವರು, ಶಿಬಿರದವರು.

ತಮಿಳುನಾಡಿನಲ್ಲಿ ಇಂಥ ನೂರಕ್ಕೂ ಹೆಚ್ಚು ಶಿಬಿರಗಳುಂಟು. 1983ರ ಗಲಭೆಯ ನಂತರ ದೋಣಿಗಳಲ್ಲಿ ಬಂದವರು ಒಟ್ಟು ಮೂರು ಲಕ್ಷಕ್ಕೂ ಹೆಚ್ಚು. ಹಲವರು ವಾಪಸ್ ಹೋದರು, ಕೆಲವರು ಬೇರೆ ದೇಶ ಸೇರಿದರು. 2021ರಲ್ಲಿ ರಾಜ್ಯ ಸರಕಾರ ಕೊಟ್ಟ ಲೆಕ್ಕದಂತೆ ಶಿಬಿರಗಳಲ್ಲಿ ಸುಮಾರು 58 ಸಾವಿರ, ಹೊರಗೆ ಸುಮಾರು 34 ಸಾವಿರ ಜನ ಇದ್ದರು. ಸೇಲಂ ಜಿಲ್ಲೆಯಲ್ಲಿ ತಾರಮಂಗಲಂ ಕಡೆ ಕುರುಕ್ಕುಪಟ್ಟಿಯಲ್ಲಿ ಒಂದು ಶಿಬಿರ. ಧರ್ಮಪುರಿ ಜಿಲ್ಲೆಗೆ ಹೋದರೆ ನಾಗಾವತಿ, ತುಂಬಲಹಳ್ಳಿ, ಕೇಸರ್ಗುಳಿ ಎಂದು ಅಣೆಕಟ್ಟುಗಳ ಬದಿಯಲ್ಲಿ ಶಿಬಿರಗಳು. ಹಳ್ಳಿ ಎಂಬ ಕನ್ನಡದ ಹೆಸರು ಹೊತ್ತ ತಮಿಳು ಜಿಲ್ಲೆಯ ಊರಿನಲ್ಲಿ ಲಂಕೆಯ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ. ಗಂಡಸರಲ್ಲಿ ತುಂಬ ಮಂದಿ ಪೈಂಟಿಂಗ್ ಕೆಲಸಕ್ಕೆ ಹೋಗುತ್ತಾರೆ. ದಿನಗೂಲಿ, ಬ್ರಷ್ ಹಿಡಿಯಲು ಯಾರೂ ಗುರುತಿನ ಕಾಗದ ಕೇಳುವುದಿಲ್ಲ.

ಅವರಲ್ಲಿ ಒಬ್ಬರನ್ನು ನಾನು ಅಣ್ಣ ಎಂದು ಕರೆಯುತ್ತೇನೆ. ಇಲ್ಲೂ ಹಾಗೆಯೇ ಬರೆಯುತ್ತೇನೆ.

ಅಣ್ಣನ ಅಜ್ಜ ಹುಟ್ಟಿದ್ದು ಇದೇ ಸೇಲಂ ಜಿಲ್ಲೆಯಲ್ಲಿ. ಬ್ರಿಟಿಷರ ಕಾಲದಲ್ಲಿ ಕಂಗಾಣಿಗಳು ಊರೂರಿಗೆ ಬಂದು ಸಿಲೋನಿನ ಚಹಾ ತೋಟಗಳಿಗೆ ಆಳುಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಸೇಲಂ, ತಿರುಚ್ಚಿ, ತಂಜಾವೂರು, ಮಧುರೆ ಕಡೆಯಿಂದ ಹೋದವರೇ ಹೆಚ್ಚು. ಅಜ್ಜ ಹಾಗೆ ಹೋದರು. 1948ರಲ್ಲಿ ಸ್ವತಂತ್ರ ಸಿಲೋನ್ ಮಾಡಿದ ಪೌರತ್ವ ಕಾನೂನು ಈ ತೋಟದ ತಮಿಳರನ್ನು ಹೊರಗಿಟ್ಟಿತು. ಅವರು ಅಲ್ಲಿಯವರೂ ಅಲ್ಲ, ಇಲ್ಲಿಯವರೂ ಅಲ್ಲ. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಕುಳಿತು ಒಪ್ಪಂದ ಮಾಡಿದರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಸಮವಾಗಿ ಹಂಚಿಕೊಂಡರು. ಆ ಜನರನ್ನು ಮಾತ್ರ ಯಾರೂ ಕೇಳಲಿಲ್ಲ.

ಈ ಒಪ್ಪಂದದ ಇನ್ನೊಂದು ತುದಿ ನಮ್ಮೂರಿನಲ್ಲೇ ಉಂಟು. ಸುಳ್ಯ, ಪುತ್ತೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ "ಸಿಲೋನಿನವರು" ಆ ಒಪ್ಪಂದದಲ್ಲಿ ಬಂದವರೇ. ನನ್ನ ಬಾಪನ ಜಿನಸಿನ ಅಂಗಡಿಯಲ್ಲಿ ಅವರ ಲೆಕ್ಕದ ಪುಸ್ತಕಗಳಿದ್ದವು. ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕುಳಿತಿದ್ದವ ಅವರ ಹುಡುಗ. ಅವನಿಗೆ ಭಾರತದ ಪೌರತ್ವ ಉಂಟು, ಮತ ಉಂಟು. ಅಣ್ಣನಿಗೆ ಇಲ್ಲ. ಇಬ್ಬರ ಅಜ್ಜಂದಿರೂ ಒಂದೇ ರೀತಿಯ ತೋಟಕ್ಕೆ ಒಂದೇ ರೀತಿ ಹೋದವರು. ಒಂದು ಮನೆ ಒಪ್ಪಂದದ ಕಾಗದ ಹಿಡಿದು ಹಡಗು ಹತ್ತಿತು. ಇನ್ನೊಂದು ಮನೆ 1977ರ ಗಲಭೆಗೆ ಹೆದರಿ ತೋಟ ಬಿಟ್ಟು ವವುನಿಯಾಕ್ಕೆ ಹೋಯಿತು, 1985ರಲ್ಲಿ ಅಲ್ಲಿಂದಲೂ ಓಡಿ ದೋಣಿ ಹತ್ತಿತು. ಹಡಗಿನಲ್ಲಿ ಬಂದವರು ಪ್ರಜೆಗಳಾದರು. ದೋಣಿಯಲ್ಲಿ ಬಂದವರು ನಿರಾಶ್ರಿತರಾದರು.

ಒಮ್ಮೆ ಅಣ್ಣ ಹೇಳಿದ್ದರು, "ನಮ್ಮನ್ನು ಮಾತ್ರ ಓಡಿಸಿದ್ದಲ್ಲ ಬಾಯ್. 1990ರಲ್ಲಿ ಉತ್ತರದ ನಿಮ್ಮವರನ್ನೂ ಓಡಿಸಿದರು. ಅದು ನಮ್ಮ ಹುಡುಗರೇ ಮಾಡಿದ ಕೆಲಸ." ಯಾಳ್ಪಾಣ, ಮನ್ನಾರ್ ಕಡೆಯ ಮುಸ್ಲಿಮರನ್ನೆಲ್ಲ ಎಲ್‌ಟಿಟಿಇ ಹೊರಹಾಕಿದ ಆ ಅಕ್ಟೋಬರಿನ ಬಗ್ಗೆ ನನಗೆ ಮೊದಲು ಹೇಳಿದವರು ಅವರೇ. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಅಣ್ಣನ ಅಕ್ಕನಿಗೆ ಇಬ್ಬರು ಮಕ್ಕಳು. ಮಗಳು ಹುಟ್ಟಿದ್ದು 1986ರಲ್ಲಿ, ದೋಣಿ ಇಳಿದ ಮೇಲೆ ಮೊದಲು ಇರಿಸಿದ ಮಂಡಪಂ ಶಿಬಿರದಲ್ಲಿ. ಮಗ ಹುಟ್ಟಿದ್ದು 1991ರಲ್ಲಿ, ಇಲ್ಲಿಯ ಶಿಬಿರದಲ್ಲಿ. ಹುಡುಗ ಡಿಪ್ಲೊಮಾ ಮುಗಿಸಿದ. ಕಂಪನಿಗಳು ಕರೆದವು, ಕಾಗದ ಕೇಳಿದವು, ಆಮೇಲೆ ಸುಮ್ಮನಾದವು. 2013ರ ಆರಂಭದಲ್ಲಿ ಅವನು ಮನೆಯಲ್ಲಿ ಹೇಳದೆ ಒಂದು ದೋಣಿ ಹತ್ತಿದ. ಹದಿನೆಂಟು ದಿನ ಸುದ್ದಿ ಇಲ್ಲ. ಹತ್ತೊಂಬತ್ತನೆಯ ದಿನ ಕ್ರಿಸ್ಮಸ್ ದ್ವೀಪದಿಂದ ಫೋನ್ ಬಂತು.

2017ರಲ್ಲಿ ಒಂದು ಸಂಜೆ ಅಣ್ಣ ಮೊಬೈಲ್ ಹಿಡಿದು ಅಂಗಡಿಗೆ ಬಂದರು. "ಬಾಯ್, ಇಂಗ್ಲಿಷ್ ಕಾಗದ. ಸ್ವಲ್ಪ ಓದಿ ಹೇಳಿ." ಅಳಿಯ ಕಳಿಸಿದ ಫೋಟೋಗಳು, ಮೂವತ್ತು ಪುಟ. ವೀಸಾ ತಿರಸ್ಕಾರವಾಗಿತ್ತು, ಅದರ ಮೇಲಿನ ಪರಿಶೀಲನೆಯೂ ತಿರಸ್ಕಾರವಾಗಿತ್ತು. ಕೊನೆಯ ಪುಟದಲ್ಲಿ ಕೋರ್ಟಿಗೆ ಹೋಗಲು 35 ದಿನ ಎಂದಿತ್ತು. ಕಾಗದದ ತಾರೀಕು ನೋಡಿದೆ. ಹದಿನಾಲ್ಕು ದಿನ ಆಗಲೇ ಹೋಗಿತ್ತು. ಅಣ್ಣನಿಗೆ ಉಳಿದದ್ದೆಲ್ಲ ಆಮೇಲೆ ಹೇಳಿದೆ, ಮೊದಲು ಹೇಳಿದ್ದು ಇಷ್ಟೇ: "ಇನ್ನು 21 ದಿನ ಉಂಟು. ಅವನಿಗೆ ಈಗಲೇ ಫೋನ್ ಮಾಡಿ, ವಕೀಲರ ಹತ್ತಿರ ಹೋಗಲಿ." ಅವನಿಗೆ ಉಚಿತವಾಗಿ ಸಹಾಯ ಮಾಡುವ ವಕೀಲರು ಸಿಕ್ಕಿದರು. ಮೂವತ್ತೊಂದನೆಯ ದಿನ ಅರ್ಜಿ ಒಳಗೆ ಹೋಯಿತು.

ಅಲ್ಲಿಂದ ಮೇಲೆ ಬಂದ ಕಾಗದಗಳನ್ನೆಲ್ಲ ಓದುವ ಕೆಲಸ ನನಗೆ ಬಂತು. ಅರ್ಥವಾಗದ್ದನ್ನು ಕೇಳಿ, ಹುಡುಕಿ ತಿಳಿದುಕೊಂಡೆ. ಅಣ್ಣನ ಮೊದಲ ಪ್ರಶ್ನೆ ಇದು: "ಜಡ್ಜ್ ಇವನ ಕಥೆ ಕೇಳಿ ವೀಸಾ ಕೊಡ್ತಾರಲ್ವಾ?"

ಇಲ್ಲ. ಇಲ್ಲೇ ಎಲ್ಲರಿಗೂ ತಪ್ಪು ತಿಳಿವಳಿಕೆ. ನಮ್ಮ ಮನೆಗಳಿಗೆ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಕಡಿಮೆ ಅಂಕ ಬಂತು ಎಂದುಕೊಳ್ಳಿ. ಮರುಮೌಲ್ಯಮಾಪನಕ್ಕೆ ಹಾಕಿದರೆ ಇನ್ನೊಬ್ಬ ಮೇಷ್ಟ್ರು ಉತ್ತರಗಳನ್ನು ಹೊಸದಾಗಿ ಓದಿ ಅಂಕ ಹಾಕುತ್ತಾರೆ. ಮರುಎಣಿಕೆಗೆ ಹಾಕಿದರೆ ಉತ್ತರ ಸರಿಯೋ ತಪ್ಪೋ ಎಂದು ಯಾರೂ ನೋಡುವುದಿಲ್ಲ. ಎಲ್ಲ ಪುಟಗಳನ್ನೂ ತಿದ್ದಿದ್ದಾರಾ, ಯಾವುದಾದರೂ ಉತ್ತರ ಬಿಟ್ಟುಹೋಗಿದೆಯಾ, ಕೂಡಿಸಿದ್ದು ಸರಿ ಉಂಟಾ, ಅಷ್ಟೇ. ಆಸ್ಟ್ರೇಲಿಯಾದಲ್ಲಿ ಇಲಾಖೆ ವೀಸಾ ನಿರಾಕರಿಸಿದ ಮೇಲೆ ಟ್ರಿಬ್ಯೂನಲ್ ಮಾಡುವುದು ಮರುಮೌಲ್ಯಮಾಪನದ ಕೆಲಸ. ಕೋರ್ಟು ಮಾಡುವುದು ಹೆಚ್ಚು ಕಡಿಮೆ ಎರಡನೆಯ ಕೆಲಸ. ಈ ಮನುಷ್ಯನಿಗೆ ನಿಜವಾಗಿ ಅಪಾಯ ಉಂಟಾ ಎಂದು ಕೋರ್ಟು ತೀರ್ಮಾನಿಸುವುದಿಲ್ಲ. ತೀರ್ಮಾನ ಮಾಡಿದವರು ಕಾನೂನು ಹೇಳಿದ ಹಾಗೆ ಮಾಡಿದರಾ, ಅವನು ಹೇಳಿದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರಾ, ಅವನ ವಿರುದ್ಧ ಇರುವ ವಿಷಯಕ್ಕೆ ಉತ್ತರ ಹೇಳಲು ಅವಕಾಶ ಕೊಟ್ಟರಾ, ಇದನ್ನು ನೋಡುತ್ತದೆ. ತಪ್ಪು ಕಂಡರೆ ಕೋರ್ಟು ತಾನೇ ಅಂಕ ಹಾಕುವುದಿಲ್ಲ, ಮತ್ತೆ ತಿದ್ದಿ ಎಂದು ವಾಪಸ್ ಕಳಿಸುತ್ತದೆ. ಗೆದ್ದರೂ ಕೈಗೆ ವೀಸಾ ಬರುವುದಿಲ್ಲ, ಇನ್ನೊಂದು ಸಲ ಕೇಳಿಸಿಕೊಳ್ಳುವ ಅವಕಾಶ ಬರುತ್ತದೆ.

ಅಳಿಯನಂಥವರಿಗೆ ಇನ್ನೊಂದು ತೊಡಕು ಇತ್ತು. 2012ರ ಆಗಸ್ಟ್ 13ರಿಂದ 2013ರ ಕೊನೆಯವರೆಗೆ ದೋಣಿಯಲ್ಲಿ ಬಂದವರಿಗೆಂದೇ ಅಲ್ಲಿಯ ಸಂಸತ್ತು 2014ರ ಡಿಸೆಂಬರ್‌ನಲ್ಲಿ ಬೇರೆ ದಾರಿ ಮಾಡಿತು. ಅವರ ಮರುಪರಿಶೀಲನೆ ಸಾಮಾನ್ಯವಾಗಿ ಕಾಗದದ ಮೇಲೆಯೇ ನಡೆಯುತ್ತಿತ್ತು. ಎದುರು ಕುಳಿತು ಮಾತಾಡುವ ಅವಕಾಶ ಇಲ್ಲ, ಹೊಸ ವಿಷಯ ಹೇಳಬೇಕಾದರೆ ಅಸಾಧಾರಣ ಕಾರಣ ಬೇಕು. ಮೌಲ್ಯಮಾಪಕ ಮುಖ ನೋಡದೆ ಅಂಕ ಹಾಕುವುದು ಪರೀಕ್ಷೆಯಲ್ಲಿ ಸರಿ. ಒಬ್ಬ ಮನುಷ್ಯ ಭಯಪಟ್ಟಿದ್ದಾನಾ ಇಲ್ಲವಾ ಎಂದು ನೋಡುವಾಗ ಅದು ಬೇರೆ ಮಾತು.

ಕೋರ್ಟಿನ ಕಾಗದ ಬಂದಾಗ ಅಳಿಯನ ಉಮ್ಮ, ಅಂದರೆ ಅಣ್ಣನ ಅಕ್ಕ, ಫೋನಿನ ಪರದೆಯಲ್ಲಿ ಬೆರಳಿಟ್ಟು ಕೇಳಿದರು, "ಇದರಲ್ಲಿ ನನ್ನ ಮಗನ ಹೆಸರು ಎಲ್ಲುಂಟು?" ಹೆಸರು ಇರಲಿಲ್ಲ. ನಾಲ್ಕಾರು ಅಕ್ಷರ, ಅಂಕೆಗಳ ಒಂದು ಸಂಕೇತ ಇತ್ತು. ಅಲ್ಲಿಯ ಕೋರ್ಟುಗಳು ಪ್ರೊಟೆಕ್ಷನ್ ವೀಸಾ ಕೇಳಿದವರ ಹೆಸರನ್ನು ತೀರ್ಪಿನಲ್ಲಿ ಪ್ರಕಟಿಸುವುದಿಲ್ಲ, ಅವರು ಹೆದರಿ ಬಿಟ್ಟು ಬಂದ ದೇಶದಲ್ಲಿ ಯಾರಾದರೂ ಓದಿ ತೊಂದರೆ ಕೊಡಬಾರದು ಎಂದು. ಹೆಸರು ಅಡಗಿಸಿದ್ದು ಅವನ ಒಳ್ಳೆಯದಕ್ಕೇ ಎಂದು ಹೇಳಿದೆ. ಅವರು ತಲೆ ಆಡಿಸಿದರು. ಆದರೆ ಆ ಸಂಕೇತವನ್ನು ಕ್ಯಾಲೆಂಡರಿನ ಹಿಂದೆ ಬರೆಸಿಕೊಂಡರು. ಅದು ಈಗಲೂ ಅವರ ಮನೆಯ ಗೋಡೆಯಲ್ಲುಂಟು.

ಇಂಥ ಸಂಕೇತದ ಹಿಂದೆ ನಿಂತು ಆ ದೇಶದ ಕಾನೂನನ್ನೇ ತಿದ್ದಿಸಿದವರಲ್ಲಿ ಲಂಕೆಯ ತಮಿಳರಿದ್ದಾರೆ. 2009ರಲ್ಲಿ ಕ್ರಿಸ್ಮಸ್ ದ್ವೀಪಕ್ಕೆ ದೋಣಿಯಲ್ಲಿ ಬಂದ ಇಬ್ಬರು, ಎಂ61 ಮತ್ತು ಎಂ69 ಎಂದು ಮಾತ್ರ ಗೊತ್ತಿರುವವರು, ಆಸ್ಟ್ರೇಲಿಯಾದ ಹೈಕೋರ್ಟಿಗೆ ಹೋದರು. ಅಲ್ಲಿ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟಿನ ಸ್ಥಾನದ್ದು. ದ್ವೀಪದಲ್ಲಿ ಇಳಿದವರ ಪರಿಶೀಲನೆ ಅಲ್ಲಿಯ ವಲಸೆ ಕಾನೂನಿಗೆ ಬದ್ಧವಾಗಿರಬೇಕಿಲ್ಲ ಎಂಬಂತೆ ಆಗ ನಡೆಯುತ್ತಿತ್ತು. 2010ರ ನವೆಂಬರ್ 11ರಂದು ಏಳೂ ನ್ಯಾಯಾಧೀಶರು ಒಮ್ಮತದಿಂದ ಹೇಳಿದರು: ಇವರಿಗೂ ನ್ಯಾಯಬದ್ಧ ವಿಚಾರಣೆ ಸಿಗಬೇಕು, ಇವರಿಗೆ ಅದು ಸಿಕ್ಕಿಲ್ಲ.

ಸೋತವರೂ ಇದ್ದಾರೆ. 2014ರ ಜೂನ್‌ನಲ್ಲಿ ನಮ್ಮ ಪುದುಚೇರಿಯಿಂದಲೇ ಒಂದು ದೋಣಿ ಹೊರಟಿತು. 157 ಜನ, ಹೆಚ್ಚಿನವರು ಲಂಕೆಯ ತಮಿಳರು, ಮಕ್ಕಳೂ ಇದ್ದರು. ಆಸ್ಟ್ರೇಲಿಯಾ ಅವರನ್ನು ಸಮುದ್ರದಲ್ಲೇ ಹಿಡಿದು ವಾರಗಟ್ಟಲೆ ಹಡಗಿನಲ್ಲಿ ಇಟ್ಟಿತು, ಕೊನೆಗೆ ನೌರು ದ್ವೀಪಕ್ಕೆ ಕಳಿಸಿತು. ಹಡಗಿನಲ್ಲಿ ಹಾಗೆ ಇಟ್ಟದ್ದು ಕಾನೂನಿಗೆ ವಿರುದ್ಧ ಅಲ್ಲ ಎಂದು 2015ರ ಜನವರಿ 28ರಂದು ಹೈಕೋರ್ಟ್ ತೀರ್ಪು ಕೊಟ್ಟಿತು. ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಒಬ್ಬ ನ್ಯಾಯಾಧೀಶರ ಮನಸ್ಸು ಆಚೆ ಈಚೆ ಆಗಿದ್ದರೆ ಫಲಿತಾಂಶವೇ ಬೇರೆ.

ಇದನ್ನೆಲ್ಲ ಹೇಳುತ್ತಿದ್ದಾಗ ಒಂದು ದಿನ ಅಣ್ಣ ಕೇಳಿದರು, "ಅಲ್ಲಿ ಅವನು ಕೇಳಬಹುದು. ಇಲ್ಲಿ ನಾವು ಯಾರನ್ನು ಕೇಳುವುದು?"

ಪ್ರಶ್ನೆ ಸಣ್ಣದಲ್ಲ. ನಿರಾಶ್ರಿತರ ಬಗ್ಗೆ 1951ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನು ನಮ್ಮಲ್ಲಿ ಇಲ್ಲ. ಪ್ರೊಟೆಕ್ಷನ್ ವೀಸಾ ಎಂಬುದೇ ಇಲ್ಲದ ಮೇಲೆ ಅದರ ತಿರಸ್ಕಾರವೂ ಇಲ್ಲ, 35 ದಿನವೂ ಇಲ್ಲ. 2003ರ ತಿದ್ದುಪಡಿಯ ನಂತರ ಕಾಗದವಿಲ್ಲದೆ ಬಂದವರು ಪೌರತ್ವ ಕಾನೂನಿನ ಲೆಕ್ಕದಲ್ಲಿ ಅಕ್ರಮ ವಲಸಿಗರು, ಎಷ್ಟು ವರ್ಷ ಇದ್ದರೂ ಪೌರತ್ವ ಕೇಳಲು ಅರ್ಹರಲ್ಲ. 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಆರು ಧರ್ಮದವರಿಗೆ ಬಾಗಿಲು ತೆರೆಯಿತು. ನಮ್ಮ ಧರ್ಮ ಆ ಪಟ್ಟಿಯಲ್ಲಿ ಇಲ್ಲ ಎಂದು ನಾವೆಲ್ಲ ಮಾತಾಡಿದೆವು. ಅಣ್ಣನ ದೇಶ ಆ ಪಟ್ಟಿಯಲ್ಲಿ ಇಲ್ಲ ಎಂದು ಮಾತಾಡಿದವರು ಕಡಿಮೆ.

ಆದರೂ ನಮ್ಮಲ್ಲೂ ಒಂದು ಬಾಗಿಲು ಉಂಟು. ಸಂವಿಧಾನದ 14 ಮತ್ತು 21ನೆಯ ವಿಧಿಗಳು ಪ್ರಜೆಗೆ ಮಾತ್ರ ಅಲ್ಲ, ಈ ನೆಲದಲ್ಲಿರುವ ಯಾವುದೇ ವ್ಯಕ್ತಿಗೆ ಅನ್ವಯಿಸುತ್ತವೆ. 226ನೆಯ ವಿಧಿಯ ಕೆಳಗೆ ಯಾರು ಬೇಕಾದರೂ ಹೈಕೋರ್ಟಿಗೆ ಹೋಗಬಹುದು. ಇಲ್ಲೂ ಕೋರ್ಟು ಮಾಡುವುದು ಅದೇ ಕೆಲಸ: ಆಶ್ರಯ ಕೊಡುವುದಲ್ಲ, ಕೇಳಿದಿರಾ ಎಂದು ಸರಕಾರವನ್ನು ಕೇಳುವುದು.

ರಾಜೀವ್ ಗಾಂಧಿ ಹತ್ಯೆಯ ಮರುವರ್ಷ, 1992ರಲ್ಲಿ, ಶಿಬಿರದವರನ್ನು ಲಂಕೆಗೆ ವಾಪಸ್ ಕಳಿಸುವ ಕೆಲಸ ಜೋರಾಯಿತು. ಪಳ ನೆಡುಮಾರನ್ ಮತ್ತು ಡಾ. ರಾಮದಾಸ್ ಮದ್ರಾಸ್ ಹೈಕೋರ್ಟಿಗೆ ಹೋದರು. ಇವರು ಮನಸ್ಸಿನಿಂದ ಒಪ್ಪಿ ಹೋಗುತ್ತಿದ್ದಾರಾ ಎಂಬುದು ಆಗ ಮುಖ್ಯ ಪ್ರಶ್ನೆಯಾಯಿತು. ಅದನ್ನು ಕೇಳಿ ತಿಳಿಯುವ ಕೆಲಸ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಬಂತು. ಅಂದು ಶಿಬಿರದಲ್ಲಿದ್ದ ಅಣ್ಣನನ್ನೂ ಕೇಳಿದರು. ಅವರು ಹೋಗುವುದಿಲ್ಲ ಎಂದರು. ಅದಕ್ಕೇ ಇಂದು ಸೇಲಂನಲ್ಲಿದ್ದಾರೆ.

2019ರ ಜೂನ್ 17ರಂದು ಮದ್ರಾಸ್ ಹೈಕೋರ್ಟಿನ ಮಧುರೆ ಪೀಠದಲ್ಲಿ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ 65 ಜನರ ಅರ್ಜಿಯ ಮೇಲೆ ತೀರ್ಪು ಕೊಟ್ಟರು. ಅರ್ಜಿದಾರರು ಅಣ್ಣನ ಹಾಗೆಯೇ ಭಾರತ ಮೂಲದ ತೋಟದ ತಮಿಳರು. ಅವರಿಗೆ ಪೌರತ್ವ ಕೊಡಿ ಎಂದು ನ್ಯಾಯಾಧೀಶರು ಆದೇಶ ಮಾಡಲಿಲ್ಲ, ಅದು ಸರಕಾರದ ಅಧಿಕಾರ. ಹೊಸದಾಗಿ ಅರ್ಜಿ ಹಾಕಲಿ, ಜಿಲ್ಲಾಧಿಕಾರಿ ಅದನ್ನು ಕೇಂದ್ರಕ್ಕೆ ಕಳಿಸಲಿ, ಕೇಂದ್ರ 16 ವಾರದೊಳಗೆ ತೀರ್ಮಾನಿಸಲಿ ಎಂದರು. ಅಕ್ರಮ ವಲಸಿಗ ಎಂಬ ಒಂದು ಪದ ತೋರಿಸಿ ಅರ್ಜಿಯನ್ನೇ ತೆರೆಯದೆ ಇಡುವುದು ಸರಿಯಲ್ಲ ಎಂಬುದು ಅದರ ಸಾರ.

ಮೂರು ವರ್ಷದ ನಂತರ ಅದೇ ನ್ಯಾಯಮೂರ್ತಿಗಳ ಮುಂದೆ ಇನ್ನೊಂದು ಅರ್ಜಿ ಬಂತು. ಅದು ಅಣ್ಣನ ಮನೆಯೊಳಗೇ ಬಂದು ತಟ್ಟಿದ ತೀರ್ಪು. ನಮ್ಮ ಪೌರತ್ವ ಕಾನೂನಿನಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ತಂದೆ ತಾಯಿ ಯಾರೇ ಇರಲಿ ಹುಟ್ಟಿನಿಂದ ಪ್ರಜೆಗಳು. ಮಂಡಪಂ ಶಿಬಿರದಲ್ಲಿ ಆ ತಾರೀಕಿಗೆ ಮೊದಲು ಹುಟ್ಟಿದ ಒಬ್ಬ ಮಹಿಳೆ ಪಾಸ್‌ಪೋರ್ಟ್ ಕೇಳಿದ್ದರು, ಸಿಕ್ಕಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಕೋರ್ಟು ಅವರಿಗೆ ಪಾಸ್‌ಪೋರ್ಟ್ ಕೊಡಲು ಹೇಳಿತು. 2024ರ ಲೋಕಸಭಾ ಚುನಾವಣೆಯಲ್ಲಿ ಅವರು ಮತ ಹಾಕಿದರು. ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲೇ ಇದೇ ತಾರೀಕಿನ ಲೆಕ್ಕದಲ್ಲಿ ಇಲ್ಲಿ ಹುಟ್ಟಿದ ಟಿಬೆಟನ್ನರು ಭಾರತೀಯರು ಎಂದು ಹೇಳಿತ್ತು.

ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾನು ಅಣ್ಣನಿಗೆ ಅದನ್ನು ಓದಿ ಹೇಳಿದೆ. ಅವರು ಕೈಯಲ್ಲಿದ್ದ ಶೇಡ್ ಕಾರ್ಡ್ ಮಡಚಿ ಕೌಂಟರಿನ ಮೇಲಿಟ್ಟರು. "ಅಕ್ಕನ ಮಗಳು ಹುಟ್ಟಿದ್ದು ಎಂಬತ್ತಾರು" ಎಂದರು. ಹುಟ್ಟಿದ ದಿನದಿಂದ ಭಾರತದ ಪ್ರಜೆಯಾಗಿದ್ದ ಹೆಣ್ಣುಮಗಳು ಮೂವತ್ತಾರು ವರ್ಷ ನಿರಾಶ್ರಿತಳ ಹಾಜರಿ ಪಟ್ಟಿಯಲ್ಲಿ ಸಹಿ ಹಾಕಿದ್ದಾಳೆ. ಐದು ವರ್ಷ ತಡವಾಗಿ ಹುಟ್ಟಿದ ತಮ್ಮನಿಗೆ ಅದೇ ಕಾನೂನಿನಲ್ಲಿ ಏನೂ ಇಲ್ಲ. ಒಂದೇ ಹೊಟ್ಟೆಯ ಇಬ್ಬರು ಮಕ್ಕಳು, ನಡುವೆ ಒಂದು ತಾರೀಕು.

ಎಲ್ಲ ಸಲ ಕೋರ್ಟು ಹೀಗೆ ನಿಲ್ಲುತ್ತದೆ ಎಂದು ಯಾರೂ ತಿಳಿಯಬಾರದು. 2025ರ ಮೇ 19ರಂದು ಲಂಕೆಯ ತಮಿಳನೊಬ್ಬ ತನ್ನನ್ನು ಕಳಿಸಬೇಡಿ ಎಂದು ಸುಪ್ರೀಂ ಕೋರ್ಟಿಗೆ ಹೋದಾಗ, ಭಾರತ ಎಲ್ಲ ಕಡೆಯವರನ್ನು ಸೇರಿಸಿಕೊಳ್ಳುವ ಧರ್ಮಶಾಲೆಯಲ್ಲ ಎಂಬ ಮಾತು ಪೀಠದಿಂದ ಬಂತು. ಆ ವಾರ ಅಂಗಡಿಗೆ ಬಂದ ಶಿಬಿರದವರು ಯಾರೂ ಹೆಚ್ಚು ಮಾತಾಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಒಂದು ಆದೇಶ ಬಂತು: 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಲಂಕೆಯ ತಮಿಳರಿಗೆ ಪಾಸ್‌ಪೋರ್ಟ್, ವೀಸಾ ಇಲ್ಲ ಎಂಬ ಕಾರಣಕ್ಕೆ ಹೊಸ ವಲಸೆ ಕಾನೂನಿನ ಶಿಕ್ಷೆ ಇಲ್ಲ. ಅದು ಪೌರತ್ವವಲ್ಲ. ಆದರೆ ರಾತ್ರಿ ನಿದ್ದೆ ಮಾಡಲು ಅಷ್ಟೂ ದೊಡ್ಡದೇ.

ಇಷ್ಟೆಲ್ಲ ಓದುವಾಗ ನನಗೆ ಮದ್ರಸದಲ್ಲಿ ಉಸ್ತಾದರು ಹೇಳಿದ ಕಥೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಮಕ್ಕಾದ ಕಿರುಕುಳ ತಾಳಲಾರದೆ ಮೊದಲ ಮುಸ್ಲಿಮರು ಕಡಲು ದಾಟಿ ಹಬಶಾಕ್ಕೆ ಹೋದರು. ಅವರೂ ದೋಣಿಯಲ್ಲಿ ಹೋದ ನಿರಾಶ್ರಿತರೇ. ಕುರೈಶಿಗಳ ದೂತರು ಉಡುಗೊರೆ ಹಿಡಿದು ಹಿಂದೆಯೇ ಬಂದು, ಇವರನ್ನು ನಮಗೆ ಒಪ್ಪಿಸಿ, ಇವರ ಮಾತು ಕೇಳುವುದೇ ಬೇಡ ಎಂದರು. ಕ್ರೈಸ್ತನಾಗಿದ್ದ ನಜ್ಜಾಶಿ ರಾಜ ಒಪ್ಪಲಿಲ್ಲ. ಅವರನ್ನು ಕರೆದು ಕೇಳದೆ ಒಪ್ಪಿಸುವುದಿಲ್ಲ ಎಂದ. ಜಅಫರ್ ಎದ್ದು ನಿಂತು ಮಾತಾಡಿದರು. ಆಶ್ರಯ ಸಿಕ್ಕಿದ್ದು ಆಮೇಲೆ. ಮೊದಲು ಸಿಕ್ಕಿದ್ದು ಕೇಳುವ ಕಿವಿ. ಚಿಕ್ಕಂದಿನಲ್ಲಿ ಆ ಕಥೆಯಲ್ಲಿ ನನಗೆ ಜಅಫರರ ಧೈರ್ಯವೇ ದೊಡ್ಡದಾಗಿ ಕಂಡಿತ್ತು. ಈಗ ರಾಜನ ಆ ಒಂದು ಮಾತೂ ಅಷ್ಟೇ ದೊಡ್ಡದು ಎನಿಸುತ್ತದೆ.

ಅಳಿಯನ ಕೇಸು ಏಳು ವರ್ಷ ಕಾಯಿತು. 2024ರ ಜುಲೈಯಲ್ಲಿ ತೀರ್ಪು ಬಂತು. ಅವನ ಕುಟುಂಬದ ಯಾರಿಗೂ ಲಂಕೆಯಲ್ಲಿ ತೊಂದರೆಯಾದ ಬಗ್ಗೆ ಅವನು ಹೇಳಿಲ್ಲ ಎಂದು ತಿರಸ್ಕಾರದ ಕಾಗದದಲ್ಲಿತ್ತು. ಯುದ್ಧ ಮುಗಿದ ಮೇಲೆ ಜಾಗ ನೋಡಲು ವವುನಿಯಾಕ್ಕೆ ಹೋದ ತಂದೆಯನ್ನು ಕರೆದೊಯ್ದು ಹಲವು ದಿನ ವಿಚಾರಿಸಿದ್ದನ್ನು ಅವನು ಮೊದಲ ಸಂದರ್ಶನದಲ್ಲೇ ಹೇಳಿದ್ದ. ಬರಹಕ್ಕಿಳಿಸಿದ ಪ್ರತಿಯಲ್ಲಿ ಆ ನಾಲ್ಕು ಸಾಲು ಇತ್ತು. ಆ ಪುಟವನ್ನು ತಿದ್ದದೆ ಅಂಕ ಹಾಕಿದ್ದರು. ಮತ್ತೆ ತೀರ್ಮಾನಿಸಿ ಎಂದು ನ್ಯಾಯಾಧೀಶರು ವಾಪಸ್ ಕಳಿಸಿದರು. ಅಷ್ಟರಲ್ಲಿ ಕಾಗದದ ಮೇಲಿನ ಆ ಪರಿಶೀಲನೆಯ ವ್ಯವಸ್ಥೆಯೇ 2024ರ ಅಕ್ಟೋಬರ್ 14ಕ್ಕೆ ಕೊನೆಯಾಗಿ, ಕೆಲಸ ಹೊಸ ಟ್ರಿಬ್ಯೂನಲ್‌ಗೆ ಹೋಯಿತು. ಈಗ ಅವನು ಒಬ್ಬ ಮನುಷ್ಯನ ಎದುರು ಕುಳಿತು ತನ್ನ ಬಾಯಿಯಿಂದ ಹೇಳುವ ದಿನಕ್ಕೆ ಕಾಯುತ್ತಿದ್ದಾನೆ. ವೀಸಾ ಸಿಗುತ್ತದಾ ಇಲ್ಲವಾ, ಅಲ್ಲಾಹನಿಗೆ ಗೊತ್ತು. ಮೆಲ್ಬರ್ನ್‌ನಲ್ಲಿ ಅವನೂ ಪೈಂಟಿಂಗ್ ಕೆಲಸವನ್ನೇ ಮಾಡುತ್ತಿದ್ದಾನೆ. ಮಾವ ಕಲಿಸಿದ ಕೆಲಸ.

ನಮ್ಮ ಹುಡುಗರೂ ಇಂದು ಗಲ್ಫ್ ಬಿಟ್ಟು ಆಸ್ಟ್ರೇಲಿಯಾ, ಕೆನಡಾ, ಇಂಗ್ಲೆಂಡ್ ಎಂದು ಹೋಗುತ್ತಿದ್ದಾರೆ. ಅವರಿಗೆ ಬೇಕಾದದ್ದು ಬೇರೆ ವೀಸಾ ಇರಬಹುದು, ಆದರೂ ಈ ಮನೆಯಿಂದ ಕಲಿಯುವ ನಾಲ್ಕು ಮಾತು ಉಂಟು. ತಿರಸ್ಕಾರದ ಕಾಗದ ಬಂದರೆ ಬೇಜಾರಿನಲ್ಲಿ ಬದಿಗೆ ಎಸೆಯಬೇಡಿ, ಮೊದಲು ಕೊನೆಯ ಪುಟದ ದಿನದ ಲೆಕ್ಕ ನೋಡಿ. ಕಾಗದದ ತಾರೀಕನ್ನು ದೊಡ್ಡದಾಗಿ ಬರೆದಿಡಿ. ಸಂದರ್ಶನದಲ್ಲಿ ಹೇಳಿದ್ದರ ಪ್ರತಿ ಕೇಳಿ ಇಟ್ಟುಕೊಳ್ಳಿ, ಏಳು ವರ್ಷದ ನಂತರ ನಾಲ್ಕು ಸಾಲು ಕೈ ಹಿಡಿಯಬಹುದು. ಏಜೆಂಟನ ಹತ್ತಿರ ಅಲ್ಲ, ವಕೀಲರ ಹತ್ತಿರ ಹೋಗಿ. ಕೋರ್ಟಿಗೆ ಹೋಗುವಾಗ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿದುಕೊಂಡೇ ಹೋಗಿ.

ಅಕ್ಕನ ಮಗಳ ಪಾಸ್‌ಪೋರ್ಟ್ ಅರ್ಜಿಗೆ ಕಾಗದ ಕೂಡಿಸುತ್ತಿದ್ದೇವೆ. ಮಂಡಪಂನ ಜನನ ದಾಖಲೆಯ ಪ್ರತಿ ಬಂದಿದೆ. ಅದರಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ಶಿಬಿರದ ಗುರುತಿನ ಚೀಟಿಗೆ ಹೊಂದುವುದಿಲ್ಲ, ಅದಕ್ಕೊಂದು ಅಫಿಡವಿಟ್ ಆಗಬೇಕು. ಸೋಮವಾರ ನೋಟರಿ ಹತ್ತಿರ ಹೋಗುವುದು ಎಂದು ಮಾತಾಗಿದೆ. ಪಾಸ್‌ಪೋರ್ಟ್ ಬಂದರೆ ಮೊದಲು ಎಲ್ಲಿಗೆ ಎಂದು ಕೇಳಿದೆ. ತಮ್ಮನ ವಿಚಾರಣೆಯ ದಿನ ಹೊರಗಿನ ಬೆಂಚಿನಲ್ಲಿ ಕುಳಿತಿರಬೇಕು ಎಂದಳು. ಅವಳಿಗೂ ಒಂದು ವೀಸಾ ಬೇಕಾಗುತ್ತದೆ. ಅದು ನಮ್ಮ ಮನೆಗಳವರು ಕೇಳುವಂಥ ಸಾದಾ ವೀಸಾ.